ಎರಡೂ ಸಲ ಖರೇ

ಸೂಡಿ, ಶುಕ್ರವಾರ ಸಂಜೆ

ಗಜೇಂದ್ರಗಡದ ನಮ್ಮ ಕಾಲೇಜಿಗೆ ವಿದ್ಯಾರ್ಥಿಗಳ ವ್ಯಕ್ತಿತ್ವ ಅಳೆಯಲು ದಯಮಾಡಿಸಿರುವ ಅರ್ಚನಾ ಮೇಡಂ ಅವರ ಸನ್ನಿಧಿಗೆ,

ನಿಮ್ಮ ಪ್ರಶ್ನಾವಳಿ ಭಾಳ ಚಲೋ ಐತ್ರಿ. 'ನಾನು ಎಂದೂ ಸುಳ್ಳು ಹೇಳಿಲ್ಲ' ಎಂಬಲ್ಲಿ ನಾನು ಗಂಭೀರವಾಗಿ 'ಹೌದು' ಎಂದು ಗುರುತು ಹಾಕಿದ್ದೆ; ಹಾಗೆ ಹಾಕಿದವನೇ ಸುಳ್ಳ ಎಂದಿರಿ. ನಮ್ಮವ್ವನಿಗೆ ಇಷ್ಟು ವರ್ಷ ಸಿಗದ ಕಳ್ಳ ನಿಮಗೆ ಒಂದೇ ಪ್ರಶ್ನೆಯಲ್ಲಿ ಸಿಕ್ಕ. ನನ್ನ ಹಾಳೆಯನ್ನು ಸಂತೋಷದಿಂದ ಹರಿಯಿರಿ.

ಆದರೆ ಮಾಲಾಳದನ್ನು ಹರಿಯಬೇಡಿ. ಅವಳು ನನ್ನ ಕಾಕಾನ ಮಗಳು. ಅದೇ ಪ್ರಶ್ನೆಗಳನ್ನು ಎರಡನೆಯ ಸಲ ಕೇಳಿದಾಗ ಅವಳ ಉತ್ತರ ಬದಲಾಗಿದೆ, ಆದ್ದರಿಂದ ನಂಬಲಾಗದು ಎಂದು ಇವತ್ತು ತರಗತಿಯಲ್ಲಿ ಹೇಳಿದಿರಿ. 'ಮುಂದೆ ಏನು ಓದಬೇಕೆಂದು ನನಗೆ ಗೊತ್ತು' ಎಂಬುದಕ್ಕೆ ಹೋದ ತಿಂಗಳು 'ಹೌದು', ಈ ತಿಂಗಳು 'ಇಲ್ಲ'. ನಡುವೆ ನರಗುಂದದಿಂದ ವರನ ಕಡೆಯವರು ಬಂದು ಅವಲಕ್ಕಿ ತಿಂದು ಹೋದರು. ಅದನ್ನು ಬರೆಯಲು ನಿಮ್ಮ ಹಾಳೆಯಲ್ಲಿ ಜಾಗ ಇರಲಿಲ್ಲ.

ಬಸ್ಸಿನಲ್ಲಿ ಅವಳನ್ನು ಕೇಳಿದೆ. "ಎರಡೂ ಸಲ ಖರೇನ ಬರದೇನೋ ಪರಶ್ಯಾ," ಅಂದಳು. ಆಮೇಲೆ ಸೂಡಿ ಬರುವವರೆಗೆ ಕಿಟಕಿ ಕಡೆಯಿಂದ ಮುಖ ತಿರುಗಿಸಲಿಲ್ಲ.

ಅವಳಿಗಿನ್ನೂ ಹದಿನೇಳು. ಭಾನುವಾರ ನಿಶ್ಚಯ. ನಾನು ಬಾಯಿ ತೆರೆದರೆ ಕಾಕಾ, "ಸುಮ್ಮನ ಕುಂದರಲೇ, ಎಲ್ಲಾದಕ್ಕೂ ಚಾಷ್ಟಿ ಮಾಡಬ್ಯಾಡ" ಎನ್ನುತ್ತಾನೆ. ಕಾಲೇಜಿನವರು ಬಂದರೆ ಮಾತ್ರ ಎದ್ದು ನಿಲ್ಲುತ್ತಾನೆ. ನಾಳೆ ಕಾಲೇಜು ಬಿಟ್ಟ ಮ್ಯಾಲೆ ಒಮ್ಮೆ ಸೂಡಿಗೆ, ಕಾಕಾನ ಮನೀಗೆ ಬರ್ರಿ, ಮೇಡಂ.

ನನ್ನನ್ನು ನಂಬಬೇಕಿಲ್ಲ. ಅದೇ ಪ್ರಶ್ನೆಯನ್ನು ಮೂರನೆಯ ಸಲ, ಅವಳಪ್ಪನ ಎದುರು ಕೇಳಿ.

ಇಂತಿ, ತಮ್ಮ ಪರೀಕ್ಷೆಯಲ್ಲಿ ಸುಳ್ಳನೆಂದು ಸಾಬೀತಾದ
ಪರಶು