ಅರವತ್ತರ ಮ್ಯಾಕ್ರೊ ಲೆನ್ಸ್

ಮಾರ್ಚ್ 9, ಭಾನುವಾರ

ಇವತ್ತೂ ಏರೋಪ್ಲೇನ್ ಚಿಟ್ಟೆ ಹಾರಿಹೋಯಿತು. ಕ್ಯಾಮೆರಾಗೆ ಈ ಅರವತ್ತು ಎಂಎಂ ಮ್ಯಾಕ್ರೊ ಲೆನ್ಸ್ ಹಾಕಿಕೊಂಡರೆ, ಹುಳ ದೊಡ್ಡದಾಗಿ ಕಾಣಲು ಗೇಣು ದೂರಕ್ಕೆ ಹೋಗಲೇಬೇಕು. ಅಷ್ಟರಲ್ಲಿ ನನ್ನ ನೆರಳು ಅದರ ಮೇಲೆ ಬಿದ್ದಿರುತ್ತದೆ. ನೂರು ಎಂಎಂನದ್ದಾಗಿದ್ದರೆ ದೂರದಿಂದಲೇ ತೆಗೆಯಬಹುದಿತ್ತು. ಕೆರೆ ದಂಡೆಯಲ್ಲಿ ಮೊಣಕಾಲೆಲ್ಲ ಕೆಸರು ಮಾಡಿಕೊಂಡು ತಂದದ್ದು ಖಾಲಿ ಕಡ್ಡಿಗಳ ನಲವತ್ತು ಚಿತ್ರ.

ಈ ಲೆನ್ಸ್ ಕೊಳ್ಳಲು ಹೋದಾಗ ಅಂಗಡಿಯವನು ನನ್ನನ್ನೇ ಕೇಳಿದ್ದ, "ಏನು ತೆಗೀತೀರಾ ಮೇಡಂ?" ನಾನು ಬಾಯಿ ಬಿಡುವ ಮೊದಲೇ ನಮ್ಮ ಯಜಮಾನರು, "ಹೂವು ಗೀವು ತೆಗೀತಾಳೆ, ಚಿಕ್ಕದೇ ಸಾಕು ಬಿಡಿ" ಎಂದರು. ನಾನೂ ಹಲ್ಲು ಕಿರಿದುಕೊಂಡು ನಿಂತೆ. ಅದಕ್ಕೇ ಮೈ ಉರಿಯುವುದು.

ಹಳೇ ಲೆನ್ಸಿನಲ್ಲಿ ತೆಗೆದ ಏಳು ಚಿತ್ರಗಳು ಬಾಗಿಲ ಪಕ್ಕದ ಗೋಡೆಯ ಮೇಲಿವೆ. ಹನ್ನೊಂದು ವರ್ಷದಿಂದ ದಿನಾ ಅವುಗಳ ಕೆಳಗೇ ಅವರು ಚಪ್ಪಲಿ ಬಿಡುತ್ತಾರೆ. ಒಂದರಲ್ಲೂ ಹೂವಿಲ್ಲ.