ತೊಗರಿ ಹಾಸಿದ ರಸ್ತೆ

ಹೊನ್ನಕಟ್ಟಿ, ತಾ. ಸಿಂದಗಿ
ರವಿವಾರ, ೨೫ ಜನೆವರಿ ೨೦೦೪

ಶ್ರೀ ಅನಿಲ ಅವರಿಗೆ,

ವಿದ್ಯಾವತಿಯ ನಮಸ್ಕಾರ. ಒಂದೂವರೆ ವರ್ಷದ ಮೇಲೆ ನಿಮಗೆ ಕಾಗದ ಬರೆಯಲು ಕುಳಿತಿದ್ದೇನೆ. ಏನೆಂದು ಕರೆಯಬೇಕೆಂದು ಸ್ವಲ್ಪ ಹೊತ್ತು ಯೋಚಿಸಿದೆ. ಶಾಲೆಗೆ ಬರುವ ಸರಕಾರಿ ಪತ್ರಗಳಲ್ಲಿ ಎಲ್ಲರಿಗೂ ‘ಶ್ರೀ’ ಎಂದಿರುತ್ತದೆ. ಸದ್ಯಕ್ಕೆ ಅದೇ ಇರಲಿ. ಹೆಂಡತಿ ಗಂಡನಿಗೆ ಬರೆಯುವ ರೀತಿ ಇದಲ್ಲ ಎಂದು ನಿಮಗೆ ಅನ್ನಿಸಿದರೆ, ನಮ್ಮಿಬ್ಬರಲ್ಲಿ ರೀತಿಯ ಪ್ರಕಾರ ಇರುವುದು ಬೇರೆ ಏನಿದೆ ಹೇಳಿ.

ಅವ್ವ ಊಟ ಮಾಡುತ್ತಾರೆ, ನಿದ್ದೆ ಮಾಡುತ್ತಾರೆ, ಉಪ್ಪು ಕಡಿಮೆ, ಖಾರ ಹೆಚ್ಚು ಎಂದು ನನ್ನ ಅಡುಗೆಗೆ ಹೆಸರಿಡುತ್ತಾರೆ. ಈ ವಾರ ರೊಟ್ಟಿಯನ್ನೂ ನಾನೇ ಬಡಿಯುತ್ತಿರುವುದರಿಂದ ಹೆಸರಿಡಲು ಅವರಿಗೆ ಅವಕಾಶ ಹೆಚ್ಚು. ಮಗ ಸಿಂದಗಿಯಲ್ಲಿ, ತಾಯಿ ಸೊಸೆಯ ಜೊತೆ ಹಳ್ಳಿಯಲ್ಲಿ ಎಂದು ಊರವರು ಈಗ ಆಶ್ಚರ್ಯಪಡುವುದನ್ನೂ ಬಿಟ್ಟಿದ್ದಾರೆ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀವು “ಹ್ಞೂಂ, ನೋಡ್ತೇನಿ” ಎಂದು ಇಟ್ಟುಬಿಡುತ್ತೀರಿ. ಕಾಗದವಾದರೆ ಕೊನೆಯವರೆಗೂ ಓದುತ್ತೀರಿ. ಚುರುಮುರಿ ಕಟ್ಟಿಕೊಟ್ಟ ಪೇಪರನ್ನೂ ಬಿಡಿಸಿ ಓದುವವರು ನೀವು.

ವಿಷಯ ನಿಮ್ಮ ಲಾರಿ ದಾರಿಯದು. ಗುಲಬರ್ಗಾ ಕಡೆಯಿಂದ ಸಿಮೆಂಟು, ಫರಸಿ ಕಲ್ಲು ಹೇರಿಕೊಂಡು ಇಂಡಿ ಕಡೆ ಹೋಗುವ ಲಾರಿಗಳನ್ನು ಸಿಂದಗಿ ಪೇಟೆಯೊಳಗೆ ಬಿಡಬಾರದು, ಹೊರಗಿಂದಲೇ ತಿರುಗಿಸಬೇಕು ಎಂದು ಮೇಲಿನವರು ಹೇಳಿದ್ದಾರೆ. ಯಾವ ದಾರಿ ಎಂದು ನೋಡಿ ವರದಿ ಕೊಡುವ ಕೆಲಸ ನಿಮಗೆ ಬಂದಿದೆ. ಒಳ್ಳೆಯ ಕೆಲಸವೇ. ಆ ಪೇಟೆಯಲ್ಲಿ ಎದುರುಬದುರಾಗಿ ಸಿಕ್ಕಿಬಿದ್ದ ಲಾರಿಗಳ ನಡುವೆ ಸೆರಗು ಬಿಗಿ ಹಿಡಿದುಕೊಂಡು ನಾನೂ ದಾಟಿದ್ದೇನೆ. ಆದರೆ ನೀವು ಆರಿಸಿದ ದಾರಿ ನಮ್ಮ ಹೊನ್ನಕಟ್ಟಿಯ ನಡುವೆ ಹಾಯುವುದು. ರಸ್ತೆಯ ಆ ಕಡೆ ಊರು, ಈ ಕಡೆ ನಮ್ಮ ಶಾಲೆ ಮತ್ತು ನೀರಿನ ಟಾಕಿ. ದಿನಾ ಆ ರಸ್ತೆ ದಾಟದೆ ಇರುವವು ಈ ಊರಲ್ಲಿ ತೊಟ್ಟಿಲ ಕೂಸುಗಳು ಮಾತ್ರ. ನಿಮ್ಮ ವರದಿ ಹೋಗಿಬಿಟ್ಟರೆ ಲಾರಿಗಳು ಕಾಯಂ ಆಗುತ್ತವೆ, ಶಾಲೆಯ ಮಕ್ಕಳು ಅವುಗಳ ಮುಂದೆ ದಾಟಬೇಕಾಗುತ್ತದೆ. ಹೋಗುವ ಮುಂಚೆ ಎರಡು ಮಾತು ಕೇಳಿಸಿಕೊಳ್ಳಿ.

ಜನೆವರಿ ಮೊದಲ ವಾರ ಪರೀಕ್ಷೆಗೆಂದು ನೀವು ಲಾರಿಗಳನ್ನು ಈ ಕಡೆ ತಿರುಗಿಸಿದಿರಲ್ಲ, ಅದಕ್ಕೆ ಮುಂಚೆ ಪಂಚಾಯ್ತಿ ಅಧ್ಯಕ್ಷ ರೇವಪ್ಪನವರು ಹಣಮಪ್ಪನ ಗುಡಿಯ ಮುಂದೆ ಊರನ್ನು ಕೂಡಿಸಿದ್ದರು. ನಾನೂ ಹೋಗಿದ್ದೆ. ಗದ್ದಲವಾಗುತ್ತದೆ ಎಂದುಕೊಂಡಿದ್ದೆ. ರೇವಪ್ಪನವರು ಹೇಳಿದ್ದು ಇಷ್ಟೇ: “ಲಾರಿ ಬಂದ್ರ ನಮಗ ಲುಕ್ಸಾನ ಏನೈತ್ರಿ? ತೊಗರಿ ಕೊಯ್ದಿಟ್ಟೀರಿ. ತಂದು ರೋಡಿಗೆ ಹಾಸ್ರಿ. ಎರಡು ಬಸ್ಸು, ಒಂದು ಟೆಂಪೋ ಕಾಯ್ಕೋಂತ ಕುಂದರೂದು ತಪ್ಪತೈತಿ.” ಅಷ್ಟಕ್ಕೇ ಸಭೆ ಮುಗಿಯಿತು. ಪ್ರತಿವರ್ಷ ನಾವು ತೊಗರಿಯನ್ನೂ ಹುರುಳಿಯನ್ನೂ ಡಾಂಬರಿನ ಮೇಲೆ ಹಾಸಿ, ಯಾವಾಗ ಒಂದು ಗಾಡಿ ಬಂದು ತುಳಿದೀತು ಎಂದು ದಾರಿ ನೋಡುವವರು. ಈಗ ಸರಕಾರವೇ ಬಿಟ್ಟಿ ರಾಶಿ ಮಾಡಿಕೊಡುತ್ತದೆ ಎಂದರೆ ಯಾರು ಬೇಡವೆನ್ನುತ್ತಾರೆ.

ನಮ್ಮ ಮಗ್ಗುಲ ಮನೆಯ ದುರ್ಗವ್ವ ಒಬ್ಬಳೇ, “ಸುಗ್ಗಿ ಮುಗದ ಮ್ಯಾಲೆ ಬರಬ್ಯಾಡ್ರಿ ಅಂತ ಲಾರಿಗೋಳಿಗೆ ಯಾರು ಹೇಳಾವರು?” ಎಂದು ಕೇಳಿದಳು. ಅದಕ್ಕೆ ನಿಮ್ಮ ಅವ್ವ, “ನನ್ನ ಮಗ ಕಳಿಸ್ಯಾನ, ನನ್ನ ಮಗನ ನಿಲ್ಲಸ್ತಾನ. ತೊಗರಿ ಇಲ್ಲದಾಗ ಅವರ‍್ಯಾಕ ಬರ್ತಾರ?” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮರುದಿನ ತೊಗರಿಯ ಮೊದಲ ಸಿವುಡು ಹಾಸಿದವರು ನಿಮ್ಮ ಅವ್ವ ಸುಮಿತ್ರಾಬಾಯಿಯವರೇ. ಮೊದಲ ಲಾರಿಗೆ ಕುಂಕುಮವನ್ನೂ ಹಚ್ಚಿದರು. ಡ್ರೈವರ್ ಪಾಪ, ಏನೋ ಹಬ್ಬವಿರಬೇಕೆಂದು ಕೈ ಮುಗಿದು ಹೋದ.

ಆಮೇಲೆ ಊರಿಗೆ ಊರೇ ರಸ್ತೆಗೆ ಇಳಿಯಿತು. ಆಚೆ ಊರಿನವರೂ ಚಕ್ಕಡಿ ಕಟ್ಟಿಕೊಂಡು ಬಂದು ತಮ್ಮದನ್ನೂ ಹಾಸಿದರು. ಹೆಂಗಸರು ಮೊರ ಹಿಡಿದು, ಗಂಡಸರು ಹೊಟ್ಟು ಸರಿಸುವ ಜಂತಗುಂಟಿ ಹಿಡಿದು ನಡುರಸ್ತೆಯಲ್ಲೇ ನಿಂತಿರುತ್ತಿದ್ದರು. ಲಾರಿಗಳು ಮೊಳಕಾಲುದ್ದ ತೊಗರಿಕಟ್ಟಿಗೆಯ ಮೇಲೆ ಜಾರುತ್ತ, ಹಾರನ್ ಹೊಡೆಯುತ್ತ, ಚಕ್ಕಡಿಯ ಹಾಗೆ ಸಾಗುತ್ತಿದ್ದವು. ಆ ದಿನಗಳಲ್ಲೇ ನೀವು ಟೇಪು ಹಿಡಿದು ಬಂದಿರಿ.

ನಮ್ಮ ಶಾಲೆಯ ಗೋಡೆಗೆ ಬೆನ್ನು ಮಾಡಿ ಬೇವಿನ ನೆರಳಲ್ಲಿ ನಿಂತು ಲಾರಿ ಎಣಿಸಿದಿರಿ. ಕಿಟಕಿಯಿಂದ ನಿಮ್ಮ ಬೆನ್ನು ಕಾಣುತ್ತಿತ್ತು. ನೀಲಿ ಗೆರೆಯ ಅಂಗಿ, ಕಾಲರು ಹರಿದದ್ದು. ಬಿಡುವಿನಲ್ಲಿ ಒಳಗೆ ಬರುತ್ತೀರಿ ಎಂದುಕೊಂಡೆ. ಬರಲಿಲ್ಲ. ಅವ್ವ ಚಹಾ, ಚೂಡಾ ತಂದಾಗ ನಿಂತುಕೊಂಡೇ ತಿಂದು “ಕೆಲಸ ಐತವ್ವಾ” ಎಂದು ಜೀಪು ಹತ್ತಿದಿರಂತೆ. ನನಗೆ ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚಾಗಿ ಬೇಜಾರಾಯಿತು. ಆ ದಿನ ಮಕ್ಕಳಿಗೆ ಸುಮ್ಮನೆ ಶುದ್ಧ ಬರಹ ಕೊಟ್ಟು ಕುಳಿತೆ.

ರೇವಪ್ಪನವರು ಹೇಳಿದ ಪ್ರಕಾರ ನೀವು ಎರಡು ಮಾತು ಬರೆದುಕೊಂಡಿದ್ದೀರಿ. ಒಂದು, ಊರವರ ತಕರಾರಿಲ್ಲ. ಇನ್ನೊಂದು, ಲಾರಿಗಳು ಊರೊಳಗೆ ತಾವಾಗಿಯೇ ನಿಧಾನವಾಗುತ್ತವೆ, ಅಪಾಯವಿಲ್ಲ. ಎರಡೂ ಆ ದಿನದ ಮಟ್ಟಿಗೆ ನಿಜ. ಆದರೆ ತಕರಾರು ಇಲ್ಲದ್ದೂ ತೊಗರಿಯಿಂದ, ಲಾರಿ ನಿಧಾನವಾದದ್ದೂ ತೊಗರಿಯಿಂದ. ಬೇರೆ ಸೀಮೆಯ ಎಂಜಿನಿಯರು ಬಂದಿದ್ದರೆ ರಸ್ತೆಯ ಮೇಲೆ ಇದೇನು ರಾಶಿ ಎಂದು ಮೊದಲು ಕೇಳುತ್ತಿದ್ದ. ನೀವು ಇಲ್ಲೇ ಹುಟ್ಟಿ ಬೆಳೆದವರು. ರಸ್ತೆಯ ಮೇಲೆ ತೊಗರಿ ಇರುವುದು ನಿಮ್ಮ ಕಣ್ಣಿಗೆ ಡಾಂಬರು ಇದ್ದಷ್ಟೇ ಸಹಜ, ಅದಕ್ಕೇ ಕಾಣಲಿಲ್ಲ.

ಸಂಕ್ರಮಣ ಮುಗಿಯುವಷ್ಟರಲ್ಲಿ ರಾಶಿಗಳೆಲ್ಲ ಮನೆ ಸೇರಿದವು. ಲಾರಿ ಎಣಿಸಲು ನೀವು ಬಿಟ್ಟುಹೋಗಿದ್ದ ಮಂದಿಯೂ ಹೋಗಿದ್ದರು. ಲಾರಿಗಳು ಮಾತ್ರ ಬರುತ್ತಲೇ ಇದ್ದವು, ಈಗ ಬರಿ ರಸ್ತೆಯ ಮೇಲೆ. ಅವುಗಳ ವೇಗ ಏನು ಹೇಳಲಿ. ಕಿಟಕಿಯ ಬಾಗಿಲುಗಳು ನಡುಗುತ್ತವೆ, ಮಕ್ಕಳು ಮಗ್ಗಿ ಹೇಳಿದರೆ ನನಗೆ ತುಟಿ ಆಡುವುದಷ್ಟೇ ಕಾಣುತ್ತದೆ. ಶಾಲೆ ಬಿಟ್ಟಾಗ ನಾನೇ ನಡುರಸ್ತೆಯಲ್ಲಿ ಎರಡೂ ಕೈ ಅಡ್ಡ ಹಿಡಿದು ನಿಲ್ಲುತ್ತೇನೆ, ಮಕ್ಕಳು ಒಬ್ಬರ ಅಂಗಿ ಒಬ್ಬರು ಹಿಡಿದುಕೊಂಡು ದಾಟುತ್ತಾರೆ. ಮೊನ್ನೆ ಒಬ್ಬ ಡ್ರೈವರ್, “ಬಾಯಾರ, ನಿಮಗ ಜೀವ ಬ್ಯಾಸರಾಗೇತೇನ್ರಿ?” ಎಂದು ಕೇಳಿದ. ಬೇಸರವಾಗಿಲ್ಲ. ಮಕ್ಕಳ ಜೀವದ ಚಿಂತೆ ಮಾತ್ರ. ನಾನು ರಜೆ ಹಾಕಿದ ದಿನ ಯಾರು ನಿಲ್ಲುತ್ತಾರೆ ಎಂದು ಯೋಚಿಸಿ ರಜೆ ಹಾಕುವುದನ್ನೇ ಬಿಟ್ಟಿದ್ದೇನೆ.

ಇನ್ನೊಂದು ಸಂಗತಿಯೂ ನಡೆಯಿತು. ರಸ್ತೆಯ ಮಾತಿನಲ್ಲಿ ಅದನ್ನು ತರುವುದಿಲ್ಲ ಎಂದು ಒಬ್ಬರಿಗೆ ಮಾತು ಕೊಟ್ಟಿದ್ದೇನೆ, ಆದ್ದರಿಂದ ಇಲ್ಲಿ ಬರೆಯುವುದಿಲ್ಲ.

ಈ ಲಾರಿಗಳ ಅಪಾಯ ಊರವರಿಗೂ ಈಗ ತಿಳಿದಿದೆ. ಆದರೆ ಕುಂಕುಮ ಹಚ್ಚಿ ಕರೆದುಕೊಂಡ ಮೇಲೆ ಬೇಡವೆನ್ನಲು ನಾಚಿಕೆ. ರೇವಪ್ಪನವರು ನನ್ನನ್ನು ಕಂಡರೆ ತಲೆಯ ಪಟಗಾ ಸರಿಮಾಡಿಕೊಂಡು ಬೇರೆ ಓಣಿ ಹಿಡಿಯುತ್ತಾರೆ. ಉಳಿದವರು, “ಅಕ್ಕೋರ, ನಿಮ್ಮ ಯಜಮಾನ್ರಿಗೆ ನೀವ ಒಂದು ಮಾತು ಹೇಳ್ರಿ” ಎನ್ನುತ್ತಾರೆ. ನಾನೂ ನೀವೂ ಮಾತಾಡದೆ ಎಷ್ಟು ದಿನವಾಯಿತೆಂದು ಗೊತ್ತಿದ್ದೇ ಹೇಳುತ್ತಾರೆ. ಅವರಿಗೆ ಅಷ್ಟು ಅಡಚಣೆ ಬಂದಿದೆ ಎಂದರ್ಥ.

ಹಾಗಾದರೆ ಲಾರಿಗಳು ಎಲ್ಲಿ ಹೋಗಬೇಕು ಎಂದು ನೀವು ಕೇಳುತ್ತೀರಿ. ಕಲ್ಲಿನ ಖಣಿಯ ಹಿಂದಿನ ದಾರಿ ಇದೆಯಲ್ಲ. ಗುಡ್ಡ ಬಳಸಿ ಹೋಗಿ ಇಂಡಿ ರಸ್ತೆಯ ಹತ್ತಿರ ಬರುತ್ತದೆ. ಮೂರು ಮೈಲಿ ಹೆಚ್ಚು, ಆದರೆ ದಾರಿಯಲ್ಲಿ ಒಂದೂ ಮನೆಯಿಲ್ಲ. ಕಲ್ಲು ಹೇರಿದ ಗಾಡಿಗಳು ಓಡಾಡಿ ನೆಲ ಮೊದಲೇ ಗಟ್ಟಿಯಾಗಿದೆ. ನಿಮಗೆ ಗೊತ್ತಿಲ್ಲದ ದಾರಿಯಲ್ಲ. ಆ ಖಣಿಯ ನೀರಿನಲ್ಲೇ ಈಜು ಕಲಿತದ್ದು ಎಂದು ಮದುವೆಯಾದ ಹೊಸದರಲ್ಲಿ ತೋರಿಸಿದ್ದೀರಿ. ಆದರೂ ನಿಮ್ಮ ನಕಾಶೆಯಲ್ಲಿ ಆ ದಾರಿಯೇ ಇಲ್ಲವಂತೆ.

ಯಾಕೆ ಇಲ್ಲವೆಂದು ನಾನೇ ಹೇಳಲೇ? ಆ ದಾರಿ ಇಂಡಿ ರಸ್ತೆಯನ್ನು ಕೂಡಬೇಕಾದರೆ ನಮ್ಮ ಬಾವಿ ಹೊಲವನ್ನು ಸೀಳಿ ಹೋಗಬೇಕು. ಹೊಲ ಅವ್ವನ ಹೆಸರಿನಲ್ಲಿದೆ. ಕೇಳಬೇಕಾದರೆ ನೀವು ಮನೆಗೆ ಬರಬೇಕು, ಕಟ್ಟೆಯ ಮೇಲೆ ಕುಳಿತು ಅವ್ವನ ಮುಖ ನೋಡಬೇಕು. ಬಾಗಿಲು ತೆಗೆಯುವವಳು ನಾನು. ಅದಕ್ಕಿಂತ ಒಂದು ಊರಿನ ನಡುವೆ ಲಾರಿ ಬಿಡುವುದು ನಿಮಗೆ ಸುಲಭವಾಯಿತು. ಮನೆ ಹೊಲಕ್ಕೆ ಸರಕಾರದ ಪರಿಹಾರ ಮಾಡಿಸಿಕೊಂಡ ಎಂದು ಮಂದಿ ಆಡಿಕೊಳ್ಳುತ್ತಾರೆ ಎಂಬ ಅಳುಕೂ ಇರಬಹುದು. ಹಾಗಿದ್ದರೆ, ಹೊಲ ನಮ್ಮದು, ಅಳತೆಗೆ ಬೇರೆಯವರನ್ನು ಕಳಿಸಿ ಎಂದು ಮೇಲಿನವರಿಗೆ ಮೊದಲೇ ತಿಳಿಸಿಬಿಡಿ. ನನ್ನ ಅನುಮಾನವೇ ತಪ್ಪಾಗಿದ್ದರೆ ಬಂದು ಬೈಯಿರಿ.

ನನ್ನ ವರ್ಗಾವಣೆಯಲ್ಲೂ ನೀವು ಹೀಗೇ ಮಾಡಿದಿರಿ. ಯಾರು ಯಾರನ್ನೋ ಹಿಡಿದು ನನ್ನನ್ನು ಸಿಂದಗಿಯ ಶಾಲೆಗೆ ಹಾಕಿಸಿದಿರಿ, ದೇವರ ಹಿಪ್ಪರಗಿ ಸಂತೆಯಿಂದ ಪೇಢೆ ಕಟ್ಟಿಸಿಕೊಂಡು ಬಂದು ಆರ್ಡರು ಕೈಯಲ್ಲಿಟ್ಟಿರಿ. ನನ್ನ ಕೆಲಸ, ನನ್ನ ಮಕ್ಕಳು, ನನಗೇ ಕೊನೆಗೆ ಗೊತ್ತಾಯಿತು. ನಾನು ಓಡಾಡಿ ಅದನ್ನು ರದ್ದು ಮಾಡಿಸಿದೆ. ನೀವು ಟ್ರಂಕು ತೆಗೆದುಕೊಂಡು ಒಬ್ಬರೇ ಹೋದಿರಿ. ಮೊದಲೇ ಕೇಳಿದ್ದರೆ ಬರುತ್ತಿದ್ದೆನೋ ಏನೋ, ಈಗ ಹೇಳಲಾರೆ. ಕೇಳಲಿಲ್ಲ ಎಂಬುದು ಮಾತ್ರ ಇವತ್ತಿಗೂ ನೋಯುತ್ತದೆ. ನಿಮ್ಮ ಮನಸ್ಸು ಕೆಟ್ಟದ್ದೆಂದು ನಾನು ಯಾವತ್ತೂ ಅಂದುಕೊಂಡಿಲ್ಲ. ಒಳ್ಳೆಯದನ್ನೇ ಮಾಡುತ್ತೀರಿ, ಆದರೆ ಯಾರಿಗೆ ಮಾಡುತ್ತೀರೋ ಅವರ ಮನೆ ಬಾಗಿಲಿಗೆ ಮಾತ್ರ ಬರುವುದಿಲ್ಲ.

ಆದ್ದರಿಂದ ನನ್ನ ವಿನಂತಿ ಇಷ್ಟು. ವರದಿ ಕಳಿಸುವ ಮುಂಚೆ ಒಂದು ಸಂಜೆ ಶಾಲೆ ಬಿಡುವ ಹೊತ್ತಿಗೆ ಬನ್ನಿ. ಬೇವಿನ ನೆರಳು ಬೇಡ, ನಾನು ನಿಲ್ಲುವ ಜಾಗದಲ್ಲಿ ನಿಲ್ಲಿ. ಆಮೇಲೂ ಇದೇ ದಾರಿ ಸರಿ ಎನ್ನಿಸಿದರೆ ಬರೆದು ಕಳಿಸಿ, ನಾನು ಮತ್ತೆ ಕಾಗದ ಬರೆಯುವುದಿಲ್ಲ.

ಆ ಅಂಗಿಯ ಕಾಲರು ತಿರುಗಿಸಿ ಹೊಲಿಸಿಕೊಳ್ಳಿ. ಇನ್ನೂ ಒಂದು ವರ್ಷ ಬರುತ್ತದೆ.

ಇಂತಿ,
ರೇಷನ್ ಕಾರ್ಡಿನಲ್ಲಿ ಇನ್ನೂ ನಿಮ್ಮ ಹೆಂಡತಿಯಾಗಿರುವ
ವಿದ್ಯಾವತಿ

ತಾ.ಕ.: ರಸ್ತೆಯ ಮಾತು ಮೇಲೆ ಮುಗಿಯಿತು. ಅದು ಎಂಜಿನಿಯರರಿಗೆ ಬರೆದದ್ದು, ಇದು ಮಗನಿಗೆ. ಅವ್ವನ ಬಲಗೈ ಮುರಿದಿದೆ. ರಾಶಿ ಎತ್ತಿದ ಮೇಲೂ ಡಾಂಬರಿನ ಮೇಲೆ ಉಳಿದ ಕಾಳು ಬಿಡಲು ಮನಸ್ಸಾಗದೆ ಕಸಬರಿಗೆ ಹಿಡಿದು ಹೋಗಿದ್ದರು. ಹಿಂದೆ ಲಾರಿ ಬಂದ ಸದ್ದು ಕೇಳಿದರೂ ತಿರುಗಿ ನೋಡಲಿಲ್ಲ. ಮಗ ಕಳಿಸಿದ ಲಾರಿ, ನಿಧಾನವಾಗಿಯೇ ಬರುತ್ತದೆ ಎಂದುಕೊಂಡಿದ್ದರಂತೆ. ಕೊನೆಗೆ ಹಾರನ್ನಿಗೆ ಬೆದರಿ ಚರಂಡಿಗೆ ಬಿದ್ದರು. ನಾನೂ ದುರ್ಗವ್ವನೂ ಟಂಟಂ ಗಾಡಿಯಲ್ಲಿ ಸಿಂದಗಿಗೆ ಕರೆದೊಯ್ದು ಪ್ಲಾಸ್ಟರ್ ಹಾಕಿಸಿಕೊಂಡು ಬಂದೆವು. ನಿಮ್ಮ ಆಫೀಸಿನ ಮುಂದೆಯೇ ಹಾದೆವು. ನಿಲ್ಲಿಸಲೇ ಎಂದು ಕೇಳಿದೆ. “ಬ್ಯಾಡವಾ. ಅವ್ವನ ಕೈ ಮುರೀತು ಅಂತ ರೋಡ ತಿರಗಿಸಿದ ಅಂತಾರ ಮಂದಿ. ಅವನ ಕೆಲಸಕ್ಕ ಮಾತು ಬರಬಾರದು. ರೋಡಿನ ಮಾತಿನಾಗ ನನ್ನ ಕೈ ತರಬ್ಯಾಡ” ಎಂದರು. ನಾನು ತಂದಿಲ್ಲ.

ಬಾವಿ ಹೊಲದ ಸುದ್ದಿಯನ್ನು ನಾನು ಎತ್ತಿರಲಿಲ್ಲ. ನಿನ್ನೆ ಅವರೇ ಹೇಳಿದರು: “ಬಂದು ಕೇಳಲಿ, ಕೊಡ್ತೇನಿ. ಕೇಳದ ತಗೊಂಡ್ರ ಮಾತ್ರ ಕೊಡಂಗಿಲ್ಲ.” ನಾನು ಇಷ್ಟು ದಿನ ಹೇಳಲು ಒದ್ದಾಡಿದ್ದನ್ನು ಅವರು ಹೊದಿಕೆ ಸರಿಮಾಡಿಕೊಳ್ಳುತ್ತ ಹೇಳಿಬಿಟ್ಟರು.

ಬರುವ ರವಿವಾರ ಖಣಿ ದಾರಿಯಿಂದಲೇ ಬನ್ನಿ, ದಾರಿಯನ್ನೂ ನೋಡಿದಂತಾಗುತ್ತದೆ. ಸುತ್ತಾಗಿ ತಡವಾದರೂ ಪರವಾಗಿಲ್ಲ, ರೊಟ್ಟಿ ಕಟ್ಟಿಟ್ಟಿರುತ್ತೇನೆ. ಅವ್ವ ಎಡಗೈಯಲ್ಲಿ ಉಣ್ಣುವುದಿಲ್ಲ ಎಂದು ಹಟ ಹಿಡಿದಿದ್ದಾರೆ. ಎರಡು ಹೊತ್ತೂ ನಾನೇ ತುತ್ತು ಮಾಡಿ ಉಣಿಸುತ್ತೇನೆ. ರವಿವಾರ ಆ ಕೆಲಸ ನಿಮ್ಮದು.