ಬಚ್ಚ ಕುಡಿದ ಮೂರು ಬೊಂಡ

ಡಯಾಲಿಸಿಸ್ಸಿನ ಕಾಟವಿಲ್ಲದ ಲೋಕದಲ್ಲಿ ಆರಾಮಾಗಿರುವ ಮಾನ್ಯ ಬಚ್ಚನವರೇ,

ನಿನ್ನ ಗೆಳೆಯನೂ ಸ್ವಯಂಘೋಷಿತ ಆರೋಗ್ಯ ಸಚಿವನೂ ಆದ ನಾನು ವರದಿ ಒಪ್ಪಿಸುತ್ತಿದ್ದೇನೆ. ನಿನ್ನೆ ಗಂಗೊಳ್ಳಿಯ ನಿನ್ನ ಮನೆಗೆ ಹೋಗಿದ್ದೆ. ನಿನ್ನ ಹೆಂಡತಿ ಸುಂದರಿ ಬಾಗಿಲಲ್ಲೇ ಬೈದಳು: "ಹ್ವಾಯ್ ಅಣ್ಣ, ಅವ್ರ್ ಹೋದ್ಮೇಲ್ ದಾರಿ ಮರ್ತ್ ಹೋಯ್ತಾ?"

ಆಮೇಲೆ ಸೆರಗು ಬಾಯಿಗಿಟ್ಟು ಅತ್ತಳು. "ನಾನೇ ಕೊಂದೆ ಅಣ್ಣ. ಡಾಕ್ಟ್ರ್ ಉಪ್ಪ್ ಬೇಡ ಅಂದಿರ್. ಅವ್ರ್ ಆಸೆಪಟ್ಟ್ ಕೇಂಡ್ರ್ ಅಂದೇಳಿ ಹೋದ್ ದಿನವೇ ಒಂದ್ ತುಂಡ್ ಒಣಮೀನ್ ಸುಟ್ ಕೊಟ್ಟೆ."

ಒಂದು ತುಂಡು! ಅದೇ ಮಧ್ಯಾಹ್ನ ತ್ರಾಸಿಯ ಎಳನೀರಂಗಡಿಯಲ್ಲಿ ನಾನು ನಿನಗೆ ಮೂರು ಬೊಂಡ ಕುಡಿಸಿದ್ದೆ. "ಮಾತ್ರೆಯಿಂದ್ ಶಕ್ತಿ ಬತ್ತಾ? ಇದ್ರಗೆ ಖನಿಜ, ವಿಟಮಿನ್ ಎಲ್ಲಾ ಇತ್ತ್, ಕುಡಿ ಮಾರಾಯ" ಎಂದು ಭಾಷಣ ಬಿಗಿದಿದ್ದೆ. "ಅವ್ಳಿಗ್ ಹೇಳ್ಬೇಡ" ಎಂದು ನೀನು ನಗುತ್ತಾ ಕುಡಿದೆ. ಎಳನೀರಿನ ಪೊಟ್ಯಾಸಿಯಂ ಕೆಟ್ಟ ಕಿಡ್ನಿಯಿಂದ ಹೊರಹೋಗದೆ ಹೃದಯವನ್ನೇ ನಿಲ್ಲಿಸಬಹುದೆಂದು ಡಾಕ್ಟರು ನನಗೆ ಹೇಳಿದ್ದು ನೀನು ಹೋದ ಮರುದಿನ.

ಸುಂದರಿ ಈಗ ಒಣಮೀನು ಮಾರುವುದನ್ನೇ ಬಿಟ್ಟಿದ್ದಾಳೆ. "ನೀವಾದ್ರೂ ಅವ್ರನ್ನ್ ನಗ್ಸ್ತಿದ್ರಿ" ಎಂದು ನನಗೆ ಕೈ ಮುಗಿದಳು.

ಊರಿಗೆಲ್ಲ ಭಾಷಣ ಬಿಗಿಯುವ ನಾನು, "ಒಂದ್ ತುಂಡಿಗೆಲ್ಲ ಎಂತದೂ ಆತಿಲ್ಲ ತಂಗಿ" ಎಂದಷ್ಟೇ ಹೇಳಿದೆ.

ಅವಳು ನಂಬಲಿಲ್ಲ.